ಮದುವೆಯ ವಿಡಿಯೊದಲ್ಲಿ ಕಾಣದ ತಾಯಿ

ಛತ್ರದಲ್ಲಿ ಮುಹೂರ್ತದ ಹೊತ್ತಿಗೆ ವಧೂವರರ ಮುಖವನ್ನು ನೇರವಾಗಿ ಕಾಣುವ ಭಾಗ್ಯ ಇಬ್ಬರಿಗೆ ಮಾತ್ರ. ಒಬ್ಬರು ಪುರೋಹಿತರು, ಇನ್ನೊಬ್ಬರು ವಿಡಿಯೊದವರು. ಮುಂದಿನ ಸಾಲಿನಲ್ಲಿ ಕುಳಿತ ಹಿರಿಯರಿಗೂ ಕಾಣುವುದು ಛಾಯಾಗ್ರಾಹಕರ ಬೆನ್ನುಗಳೇ. ಆ ಬೆನ್ನುಗಳ ಮೇಲೆ ಅಕ್ಷತೆ ಎಸೆದು, ಪಕ್ಕದ ದೊಡ್ಡ ಪರದೆಯ ಮೇಲೆ ತಾಳಿ ಕಟ್ಟುವುದನ್ನು ನೋಡಿ, ಊಟದ ಮನೆಯ ಕಡೆ ಹೊರಡುವುದು ನಮ್ಮ ನಗರಗಳ ಮದುವೆಗಳಲ್ಲಿ ರೂಢಿಯಾಗಿಬಿಟ್ಟಿದೆ. ಇದನ್ನು ಕುರಿತು ಗೊಣಗಿದವರು ಬಹಳ ಮಂದಿ. ನನ್ನ ಗೊಣಗಾಟ ಬೇರೆ. ಅವರು ಬೆನ್ನು ತೋರಿಸಿ ನಿಂತರೂ ಚಿಂತೆಯಿಲ್ಲ, ನಮ್ಮ ಪರವಾಗಿ ಎಲ್ಲವನ್ನೂ ನೋಡುತ್ತಿದ್ದಾರೆ, ನಾಳೆ ನಮಗೆ ತೋರಿಸುತ್ತಾರೆ ಎಂಬ ನಂಬಿಕೆಯಿದೆಯಲ್ಲ, ಅದನ್ನು ಒಮ್ಮೆ ಪರೀಕ್ಷಿಸಿ ನೋಡುವುದು ಒಳ್ಳೆಯದು. ಅಂಥ ಅವಕಾಶ ನನಗೆ ಈಚೆಗೆ ಒದಗಿತು.

ನನ್ನ ತಂಗಿಯ ಹಿರಿಯ ಮಗಳ ಮದುವೆ ತುಮಕೂರಿನ ಛತ್ರವೊಂದರಲ್ಲಿ ನಡೆಯಿತು. ಮೂರು ತಿಂಗಳಾದ ಮೇಲೆ ಹುಡುಗಿ ಒಂದು ಹಾರ್ಡ್ ಡಿಸ್ಕ್ ಹಿಡಿದು ನಮ್ಮ ಮನೆಗೆ ಬಂದಳು. ಟಿ.ವಿ. ವಾಹಿನಿಯೊಂದರ ಸಂಕಲನ ಕೊಠಡಿಯಲ್ಲಿ ಬಹುಕಾಲ ದುಡಿದು ನಿವೃತ್ತನಾದವನು ನಾನು ಎಂಬುದು ಅವಳಿಗೆ ಗೊತ್ತು. "ಮಾವ, ಸ್ಟುಡಿಯೊದವರು ಮಾಡಿಕೊಟ್ಟ ಐದು ನಿಮಿಷದ ವಿಡಿಯೊ ಚೆನ್ನಾಗಿಯೇ ಇದೆ. ಆದರೆ ಅದರಲ್ಲಿ ಅಮ್ಮ ಇಲ್ಲ. ನೀವೇ ಕೂತು ಇನ್ನೊಂದನ್ನು ಚೆಂದವಾಗಿ ಮಾಡಿಕೊಡಿ" ಎಂದಳು. ಹೆಣ್ಣನ್ನು ಹಸೆಮಣೆಗೆ ಕರೆತರುವುದು ನಮ್ಮ ಕಡೆ ಸೋದರಮಾವನ ಹೊಣೆ. ಕಾಲಕ್ಕೆ ತಕ್ಕಂತೆ ಹೊಣೆಯೂ ಬೆಳೆಯಿತೆಂದುಕೊಂಡು ಒಪ್ಪಿಕೊಂಡೆ.

ಅಮ್ಮ ಇಲ್ಲ ಎಂಬ ಮಾತನ್ನು ಸ್ವಲ್ಪ ವಿವರಿಸಬೇಕು. ತಂಗಿಯ ಗಂಡ ತೀರಿಕೊಂಡು ಒಂಬತ್ತು ವರ್ಷಗಳಾದವು. ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದವಳು ಅವಳು, ಗಂಡು ನೋಡಿದವಳು ಅವಳು, ಛತ್ರ ಗೊತ್ತುಮಾಡಿ ಅಡುಗೆಯವರಿಗೆ ಮುಂಗಡ ಕೊಟ್ಟವಳೂ ಅವಳೇ. ಧಾರೆ ಎರೆದವರು ಮಾತ್ರ ಅವಳ ಮೈದುನ ಮತ್ತು ವಾರಗಿತ್ತಿ. ನೀನೇ ಎರೆಯಬಹುದಲ್ಲ ಎಂದು ನಾನು ಮೊದಲೇ ಹೇಳಿದ್ದೆ. "ಬೇಡ ಅಣ್ಣಾ, ಮಗಳ ಬಾಳಿನ ವಿಷಯ" ಎಂದಳು. ಅಲ್ಲಿಗೆ ಮಾತು ನಿಂತಿತು. ಮುಹೂರ್ತದ ದಿನ ಮಂಟಪಕ್ಕೆ ಬರಬೇಡವೆಂದು ಅವಳಿಗೆ ಯಾರೂ ಹೇಳಲಿಲ್ಲ. ಹೇಳುವ ಅಗತ್ಯವೇ ಬೀಳದ ಹಾಗೆ ಇಂಥ ಕಟ್ಟುಪಾಡುಗಳು ನಮ್ಮ ಮನೆಗಳಲ್ಲಿ ಕೆಲಸ ಮಾಡುತ್ತವೆ.

ಡಿಸ್ಕಿನಲ್ಲಿ ಎರಡು ಕ್ಯಾಮೆರಾ ಹಾಗೂ ಒಂದು ಡ್ರೋನ್ ಸೇರಿ ಹದಿನಾಲ್ಕು ಗಂಟೆಗಳ ಚಿತ್ರೀಕರಣವಿತ್ತು. ಗಂಟೆಗೆ ಸುಮಾರು 45 ಗಿಗಾಬೈಟ್‌ನಂತೆ ಒಟ್ಟು 630 ಗಿಗಾಬೈಟ್. ಹದಿನಾಲ್ಕು ಗಂಟೆಯನ್ನು ಐದು ನಿಮಿಷಕ್ಕೆ ಇಳಿಸಿದರೆ, ಉಳಿಸಿಕೊಂಡ ಒಂದೊಂದು ನಿಮಿಷಕ್ಕೆ 167 ನಿಮಿಷಗಳನ್ನು ಎಸೆದಂತಾಯಿತು. 1979ರಲ್ಲಿ ತೆರೆಕಂಡ 'ಅಪೊಕ್ಯಾಲಿಪ್ಸ್ ನೌ' ಚಿತ್ರದ ಸಂಕಲನಕಾರರಲ್ಲಿ ಒಬ್ಬರಾದ ವಾಲ್ಟರ್ ಮರ್ಚ್ ತಮ್ಮ ಪುಸ್ತಕದಲ್ಲಿ ಇಂಥದೇ ಲೆಕ್ಕವೊಂದನ್ನು ಕೊಟ್ಟಿದ್ದಾರೆ. 230 ಗಂಟೆಗೂ ಹೆಚ್ಚಿನ ಚಿತ್ರೀಕರಣದಿಂದ ತೆಗೆದ ಆ ಯುದ್ಧಚಿತ್ರದಲ್ಲಿ ಒಂದು ನಿಮಿಷಕ್ಕೆ ಎಸೆದದ್ದು 95 ನಿಮಿಷ. ವಿಯೆಟ್ನಾಂ ಯುದ್ಧಕ್ಕಿಂತ ತುಮಕೂರಿನ ಮದುವೆಯಲ್ಲಿ ಕತ್ತರಿ ಹೆಚ್ಚು ಹರಿತವಾಗಿ ಆಡಿದೆ! ಇಷ್ಟನ್ನು ಎಸೆಯುವಾಗ ಯಾರೋ ಒಬ್ಬರು ತೀರ್ಮಾನ ಮಾಡುತ್ತಿರುತ್ತಾರೆ. ಆ ಯಾರೋ ಒಬ್ಬರಿಗೆ ನಮ್ಮ ಮನೆಯಲ್ಲಿ ಯಾರು ಯಾರೆಂಬುದು ತಿಳಿದಿರುವುದಿಲ್ಲ.

ಹಿಂದೆ ಹೀಗಿರಲಿಲ್ಲ. ಎಂಬತ್ತು, ತೊಂಬತ್ತರ ದಶಕದ ವಿಡಿಯೊ ಕ್ಯಾಸೆಟ್ಟುಗಳನ್ನು ಇಂದಿನ ಹುಡುಗರು ನೋಡಿದರೆ ನಗುತ್ತಾರೆ. ನಗಬೇಕಾದದ್ದೂ ಅವುಗಳಲ್ಲಿ ಬೇಕಾದಷ್ಟಿತ್ತು. ವಧುವಿನ ಮುಖ ಹೃದಯದಾಕಾರದೊಳಗಿಂದ ಮೂಡಿಬರುತ್ತಿತ್ತು, ವರನ ಮೇಲೆ ಗುಲಾಬಿ ದಳಗಳು ಉದುರುತ್ತಿದ್ದವು, ಕಣ್ಣು ಕುಕ್ಕುವ ದೀಪವನ್ನು ಎತ್ತಿ ಹಿಡಿದ ಹುಡುಗ ಒಬ್ಬ ತಂತಿ ಎಳೆದುಕೊಂಡು ಛತ್ರದ ತುಂಬ ಓಡಾಡುತ್ತಿದ್ದ. ಆದರೆ ಮೂರು ಗಂಟೆಯ ಆ ಕ್ಯಾಸೆಟ್ಟಿಗೆ ಒಂದು ಗುಣವಿತ್ತು. ಕ್ಯಾಸೆಟ್ಟನ್ನು ಹೇಗಾದರೂ ತುಂಬಿಸಬೇಕಾಗಿದ್ದರಿಂದ ಕ್ಯಾಮೆರಾದವನು ಕಂಡದ್ದನ್ನೆಲ್ಲ ತುಂಬಿಸುತ್ತಿದ್ದ. ಊಟದ ಪಂಕ್ತಿಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕ್ಯಾಮೆರಾ ನಿಧಾನವಾಗಿ ಸಾಗುತ್ತಿತ್ತು. ಬಾಯಿಗೆ ತುತ್ತಿಡುತ್ತಿದ್ದವರು ಕೈ ತಡೆದು, ಏನು ಮಾಡಬೇಕೆಂದು ತೋಚದೆ ಕೂರುತ್ತಿದ್ದರು. ಮುಯ್ಯಿ ಕೊಟ್ಟವರೆಲ್ಲ ಒಬ್ಬೊಬ್ಬರಾಗಿ ಬಂದು ನಿಲ್ಲುತ್ತಿದ್ದರು. ಉಗ್ರಾಣದ ಬಾಗಿಲು, ಹಪ್ಪಳ ಕರಿಯುವ ಬಾಣಲೆ, ಚಪ್ಪಲಿ ಕಾಯುವ ಅಜ್ಜ, ತೆರೆದ ಬಾಗಿಲಿನಾಚೆ ಹೂ ಕಟ್ಟುತ್ತಿದ್ದ ವಿಧವೆ ಅತ್ತೆ, ಎಲ್ಲರೂ ಅದರಲ್ಲಿದ್ದರು. ಕಟ್ಟುಪಾಡು ಅತ್ತೆಯನ್ನು ಮಂಟಪದಿಂದ ದೂರವಿಟ್ಟಿತ್ತು ನಿಜ. ಆದರೆ ಒರಟು ಕ್ಯಾಮೆರಾ ತನಗರಿವಿಲ್ಲದೆಯೇ ಅವಳನ್ನು ಮದುವೆಯೊಳಕ್ಕೆ ಸೇರಿಸಿಕೊಳ್ಳುತ್ತಿತ್ತು. ಇಂದಿನ ನಯಗಾರಿಕೆ ಆ ಆಕಸ್ಮಿಕಕ್ಕೂ ಜಾಗ ಬಿಟ್ಟಿಲ್ಲ.

ಇದಕ್ಕೆ ಕಾರಣ ಯಾರ ದುರುದ್ದೇಶವೂ ಅಲ್ಲ. ಬಹುಪಾಲು ಉಪಕರಣಗಳೇ ಕಾರಣ. ಹಳೆಯ ವಿಡಿಯೊ ಕ್ಯಾಮೆರಾಗಳಲ್ಲಿ ಬಿಂಬ ಬೀಳುವ ಫಲಕ ಬಲು ಚಿಕ್ಕದು. ಹಾಗಾಗಿ ಹತ್ತಿರದವರೂ ದೂರದವರೂ ಒಂದೇ ಸಮನೆ ಸ್ಪಷ್ಟವಾಗಿ ಕಾಣುತ್ತಿದ್ದರು. ಈಗಿನ ಕ್ಯಾಮೆರಾಗಳ ಫಲಕ ದೊಡ್ಡದು, ಮಸೂರದ ಬಾಯಿಯೂ ಅಗಲ. ವಧುವಿನ ಕಣ್ಣಿನ ರೆಪ್ಪೆ ಎಣಿಸುವಷ್ಟು ಸ್ಪಷ್ಟವಾಗಿರುತ್ತದೆ, ಅವಳ ಹಿಂದೆ ಎರಡು ಮಾರು ದೂರದಲ್ಲಿ ನಿಂತವರು ಬಣ್ಣದ ಮುದ್ದೆಗಳಾಗುತ್ತಾರೆ. ಗ್ರಾಹಕರು ಹಣ ತೆರುವುದು ಈ ಮಸುಕಿಗೇ. 'ಸಿನಿಮಾ ಥರ ಇದೆ' ಎಂಬ ಹೊಗಳಿಕೆಯ ಅರ್ಥವೂ ಬಹುಮಟ್ಟಿಗೆ ಇದೇ. ಐದು ನಿಮಿಷದ ವಿಡಿಯೊದಲ್ಲಿ ನನ್ನ ತಂಗಿ ಪೂರ್ತಿ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಮಾಂಗಲ್ಯಧಾರಣೆಯ ದೃಶ್ಯದಲ್ಲಿ ವರನ ಭುಜದ ಮೇಲ್ಗಡೆ ಒಂದು ಹಸಿರು ಮುದ್ದೆಯಿದೆ. ಆ ಹಸಿರು ಅವಳ ಸೀರೆಯದು.

ಇನ್ನು ಶಬ್ದದ ಮಾತು. ಸೆಕೆಂಡಿಗೆ ನೂರು ಚಿತ್ರಗಳಂತೆ ಹಿಡಿದು ಇಪ್ಪತ್ತೈದರಂತೆ ಓಡಿಸಿದರೆ ಅಕ್ಷತೆ ನಾಲ್ಕು ಪಟ್ಟು ನಿಧಾನವಾಗಿ, ಹೂಮಳೆಯ ಹಾಗೆ ಉದುರುತ್ತದೆ. ನೋಡಲು ಸೊಗಸು. ಆದರೆ ಹಾಗೆ ನಿಧಾನಗೊಂಡ ಚಿತ್ರಕ್ಕೆ ಅದರ ಮೂಲ ಶಬ್ದ ಹೊಂದುವುದಿಲ್ಲ. ಅದನ್ನು ಕಿತ್ತುಹಾಕಿ ಮೇಲೆ ಹಾಡೊಂದನ್ನು ಹೊದಿಸುತ್ತಾರೆ. ಗಟ್ಟಿಮೇಳ ಹೋಯಿತು, ಮಂಗಳಾಷ್ಟಕ ಹೋಯಿತು, ಎಳೆಯ ಮಗುವೊಂದು ಅದೇ ಹೊತ್ತಿಗೆ ಕಿರುಚಿದ್ದೂ ಹೋಯಿತು. 2017ರ ಡಿಸೆಂಬರಿನಲ್ಲಿ ಇಟಲಿಯಲ್ಲಿ ನಡೆದ ವಿರಾಟ್ ಕೊಹ್ಲಿ ಮತ್ತು ಅನುಷ್ಕಾ ಶರ್ಮಾ ಅವರ ಮದುವೆಯ ವಿಡಿಯೊವನ್ನು ದೇಶವೆಲ್ಲ ನೋಡಿತು. ಆ ತಿಳಿ ಬಣ್ಣ, ಆ ಮೃದು ಬೆಳಕು ಅಂದಿನಿಂದ ನಮ್ಮ ಸ್ಟುಡಿಯೊಗಳಿಗೂ ಒಂದು ಅಚ್ಚಾಗಿಬಿಟ್ಟಿತೆಂದು ನನಗೆ ತೋರುತ್ತದೆ. ಅರಿಸಿನದ ಕಡು ಹಳದಿಯನ್ನೂ ಮಸುಕು ಮಾಡಿ, ಹರಿಹರದ ಹುಡುಗಿಯೂ ಹೊಸದುರ್ಗದ ಹುಡುಗಿಯೂ ಒಂದೇ ಬೆಳಕಿನಲ್ಲಿ ಮದುವೆಯಾಗುವಂತೆ ಮಾಡಿದ್ದಾರೆ.

ನಾನು ಮೊದಲು ಮಾಡಿದ ಕೆಲಸ, ಚಿತ್ರವನ್ನು ಬದಿಗಿಟ್ಟು ಶಬ್ದದ ಕಡತಗಳನ್ನಷ್ಟೇ ಕೇಳಿದ್ದು. ಪುರೋಹಿತರ ಶಲ್ಯಕ್ಕೆ ಪುಟ್ಟ ಮೈಕೊಂದನ್ನು ಸಿಕ್ಕಿಸಿದ್ದರು. ಸ್ಟುಡಿಯೊದವರು ಅದನ್ನು ಬಳಸಿಯೇ ಇರಲಿಲ್ಲ. ಧಾರೆಯ ಹೊತ್ತು. ವಧೂವರರ ಕೈಗಳ ಮೇಲೆ ತೆಂಗಿನಕಾಯಿ, ಅದರ ಮೇಲೆ ಮೈದುನ ಹಾಗೂ ವಾರಗಿತ್ತಿ ನೀರು ಬಿಡುತ್ತಿದ್ದಾರೆ. ಮಂತ್ರದ ನಡುವೆ, ಮಂಟಪದ ಹಿಂದಿನಿಂದ, ತಗ್ಗಿದರೂ ಸ್ಪಷ್ಟವಾದ ದನಿಯೊಂದು ಕೇಳಿಸುತ್ತದೆ: "ನಿಧಾನವಾಗಿ ಬಿಡೇ, ಅವಳ ಸೀರೆ ನೆನೆಯುತ್ತೆ." ನನ್ನ ತಂಗಿಯ ದನಿ. ಎರೆಯುವ ಅಧಿಕಾರ ತನಗಿಲ್ಲವೆಂದು ನಂಬಿದವಳು ಹೇಗೆ ಎರೆಯಬೇಕೆಂದು ಹೇಳಿಕೊಡುತ್ತಿದ್ದಾಳೆ.

ಆ ಒಂದು ವಾಕ್ಯ ಸಿಕ್ಕಿದ ಮೇಲೆ ಸಂಕಲನದ ದಾರಿ ತಾನಾಗಿ ತೆರೆದುಕೊಂಡಿತು. ಧಾರೆಯ ದೃಶ್ಯದಿಂದ ಹಾಡನ್ನು ತೆಗೆದುಹಾಕಿ ಮೂಲ ಶಬ್ದವನ್ನು ಕೂರಿಸಿದೆ. ಚಿತ್ರಕ್ಕಾಗಿ ಹುಡುಕುವಾಗ ಎರಡನೆಯ ಕ್ಯಾಮೆರಾ ನೆರವಿಗೆ ಬಂತು. ಅದನ್ನು ಸಭಾಂಗಣದ ಹಿಂಭಾಗದಲ್ಲಿ ಮುಕ್ಕಾಲಿಯ ಮೇಲೆ ನಿಲ್ಲಿಸಿ, ಹುಡುಗ ಬಹುಶಃ ಕಾಫಿಗೆ ಹೋಗಿದ್ದ. ನಲವತ್ತು ನಿಮಿಷ ಅದು ಅಲುಗದೆ ಇಡೀ ಮಂಟಪವನ್ನು ನೋಡುತ್ತ ನಿಂತಿತ್ತು. 4ಕೆ ಚಿತ್ರವೊಂದರಲ್ಲಿ ಸಾಮಾನ್ಯ ಎಚ್‌ಡಿ ಗಾತ್ರದ ನಾಲ್ಕು ಚಿತ್ರಗಳು ಹಿಡಿಸುತ್ತವೆ. ಅಂದರೆ ಅದರ ಒಂದು ಕಾಲುಭಾಗವನ್ನಷ್ಟೇ ಕತ್ತರಿಸಿಕೊಂಡರೂ ಸ್ಪಷ್ಟತೆ ಕೆಡುವುದಿಲ್ಲ. ಬಲಗಡೆಯ ಬಾಳೆಕಂದಿನ ಪಕ್ಕದ ಕಾಲುಭಾಗವನ್ನು ಕತ್ತರಿಸಿಕೊಂಡೆ. ಅಕ್ಷತೆಯ ತಟ್ಟೆ ಹಿಡಿದು ತಂಗಿ ಅಲ್ಲಿ ನಿಂತಿದ್ದಾಳೆ. ಮಗಳ ಮುಖ ಅವಳಿಗೆ ಕಾಣುತ್ತಿಲ್ಲ. ಅವಳ ಕಣ್ಣಿರುವುದು ವಾರಗಿತ್ತಿಯ ಕೈಯಲ್ಲಿರುವ ಚೆಂಬಿನ ಮೇಲೆ.

ಇಲ್ಲಿ ಒಂದು ಆಮಿಷವೂ ಎದುರಾಯಿತು. ಹೆಣ್ಣೊಪ್ಪಿಸುವ ಹೊತ್ತಿನಲ್ಲಿ ತಂಗಿ ಬಿಕ್ಕಿ ಬಿಕ್ಕಿ ಅತ್ತ ಸಮೀಪದ ಚಿತ್ರವೊಂದು ಮೊದಲನೆಯ ಕ್ಯಾಮೆರಾದಲ್ಲಿತ್ತು. ಅದನ್ನು ಎತ್ತಿ ತಂದು ಧಾರೆಯ ಪಕ್ಕಕ್ಕೆ ಅಂಟಿಸಿದರೆ ನೋಡಿದವರೆಲ್ಲ ಕಣ್ಣೊರೆಸಿಕೊಳ್ಳುವುದು ಖಚಿತ. ರಷ್ಯಾದ ಲೆವ್ ಕುಲೆಶೋವ್ ನೂರು ವರ್ಷಗಳ ಹಿಂದೆಯೇ ಈ ಮರ್ಮವನ್ನು ಬಯಲು ಮಾಡಿದ್ದರು. ನಟನೊಬ್ಬನ ಒಂದೇ ಮುಖವನ್ನು ಒಮ್ಮೆ ಸೂಪಿನ ಬಟ್ಟಲಿನ ಪಕ್ಕ, ಇನ್ನೊಮ್ಮೆ ಶವಪೆಟ್ಟಿಗೆಯ ಪಕ್ಕ ಇಟ್ಟು ತೋರಿಸಿದರೆ, ಜನ ಅದೇ ಮುಖದಲ್ಲಿ ಹಸಿವನ್ನೂ ದುಃಖವನ್ನೂ ಕಂಡರು. ಮದುವೆ ವಿಡಿಯೊಗಳಲ್ಲಿ ಇದು ದಿನನಿತ್ಯದ ವ್ಯವಹಾರ. ತಾಳಿ ಕಟ್ಟಿದೊಡನೆ ನಗುವ ಚಿಕ್ಕಮ್ಮ ನಿಜವಾಗಿ ನಕ್ಕದ್ದು ಮಧ್ಯಾಹ್ನದ ಹರಟೆಯಲ್ಲಿ. ನಾನು ಆ ಅಳುವನ್ನು ಅದರ ಜಾಗದಲ್ಲಿಯೇ ಬಿಟ್ಟೆ. ಧಾರೆಯ ಹೊತ್ತಿನಲ್ಲಿ ಅವಳು ಅಳುತ್ತಿರಲಿಲ್ಲ, ಉಸ್ತುವಾರಿ ಮಾಡುತ್ತಿದ್ದಳು. ಅವಳನ್ನು ಅಳಿಸುವುದು ಸುಲಭ. ಅವಳ ಉಸ್ತುವಾರಿಯನ್ನು ತೋರಿಸಬೇಕಾದರೆ ಅಲುಗದ ಆ ದೂರದ ಚಿತ್ರವನ್ನು ಹನ್ನೆರಡು ಸೆಕೆಂಡು ತಡೆದು ನಿಲ್ಲಿಸಬೇಕು. ಇಂದಿನ ಲೆಕ್ಕದಲ್ಲಿ ಹನ್ನೆರಡು ಸೆಕೆಂಡೆಂದರೆ ಒಂದು ಯುಗ.

ಮೂವತ್ತನಾಲ್ಕು ನಿಮಿಷದ ವಿಡಿಯೊ ಸಿದ್ಧವಾದಾಗ ಮೊದಲು ತಕರಾರು ತೆಗೆದವಳು ತಂಗಿಯೇ. "ನನ್ನ ದನಿ ತೆಗೆದುಬಿಡು ಅಣ್ಣಾ. ಶುಭಕಾರ್ಯದ ನಡುವೆ ಅದೇಕೆ? ಬೀಗರು ಏನೆಂದುಕೊಳ್ಳುತ್ತಾರೋ." ಮಗಳು ಒಪ್ಪಲಿಲ್ಲ. ಮೈದುನ, ಒಳ್ಳೆಯ ಮನುಷ್ಯ, ಏನೂ ಹೇಳದೆ ಅದೇ ಭಾಗವನ್ನು ಎರಡು ಸಲ ಹಾಕಿಸಿ ನೋಡಿದ. ಕೊನೆಗೆ ದನಿ ಉಳಿಯಿತು. ನನ್ನ ಮಟ್ಟಿಗೆ ಇದು ಕಲೆಯ ಪ್ರಶ್ನೆಯಾಗಿರಲಿಲ್ಲ. ಮದುವೆಯ ದಿನ ಏನು ನಡೆಯಿತೋ ಅದರ ದಾಖಲೆಯಲ್ಲಿ, ಅದನ್ನು ನಡೆಸಿದವಳು ಇರಬೇಕು, ಅಷ್ಟೆ. ಕಟ್ಟುಪಾಡಿಗೆ ಹೆದರಿ ಅವಳು ಮಂಟಪದಿಂದ ಹಿಂದೆ ಸರಿದದ್ದು ಒಂದು ದಿನದ ಮಾತು. ವಿಡಿಯೊದಿಂದ ತೆಗೆದರೆ ಅವಳ ಮೊಮ್ಮಕ್ಕಳ ಕಾಲಕ್ಕೂ ಅವಳು ಅಲ್ಲಿರುವುದಿಲ್ಲ.

ಶಾಸ್ತ್ರದ ಮಾತೆತ್ತುವವರಿಗಾಗಿ ಒಂದು ವಿಷಯ ಹೇಳಬೇಕು. ಯಾಜ್ಞವಲ್ಕ್ಯ ಸ್ಮೃತಿಯ ಆಚಾರಾಧ್ಯಾಯದಲ್ಲಿ, ಹೆಣ್ಣನ್ನು ಧಾರೆಯೆರೆದು ಕೊಡಲು ಅರ್ಹರಾದವರನ್ನು ಹೆಸರಿಸುವಾಗ, ತಂದೆ, ತಾತ, ಸೋದರ, ಕುಲಬಾಂಧವರ ಬಳಿಕ ತಾಯಿಯನ್ನೂ ಹೆಸರಿಸಿದೆ. ಕೊನೆಯ ಸ್ಥಾನವಾದರೂ ಸ್ಥಾನವಿದೆ. ಆ ಸ್ಮೃತಿಗೆ 'ಮಿತಾಕ್ಷರಾ' ಎಂಬ ಪ್ರಸಿದ್ಧ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮ ಬೀದರ್ ಜಿಲ್ಲೆಯ ಕಲ್ಯಾಣದಲ್ಲಿ, ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. 1955ರ ಹಿಂದೂ ವಿವಾಹ ಕಾಯ್ದೆಯಂತೂ ಧಾರೆಯನ್ನು ಇಂಥವರೇ ಎರೆಯಬೇಕೆಂದು ಎಲ್ಲಿಯೂ ಹೇಳುವುದಿಲ್ಲ. ತಾಯಿಯನ್ನು ಕಂಬದ ಮರೆಗೆ ಕಳಿಸಿದ್ದು ಮನೆಮನೆಯ ಅಂಜಿಕೆ. ಗುಲ್ವಾಡಿ ವೆಂಕಟರಾಯರು ಬಾಲವಿಧವೆಯೊಬ್ಬಳನ್ನು ನಾಯಕಿಯಾಗಿಸಿ 'ಇಂದಿರಾಬಾಯಿ' ಕಾದಂಬರಿ ಬರೆದದ್ದು 1899ರಲ್ಲಿ. ಅಂದಿನಿಂದ ಎಷ್ಟೋ ಬದಲಾಗಿದೆ. ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ದೇವಾಲಯದಲ್ಲಿ 2013ರಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ನೇಮಿಸಿದರು. ಗಡಿಯಾಚೆಯ ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮ ಪಂಚಾಯಿತಿ 2022ರ ಮೇ ತಿಂಗಳಲ್ಲಿ, ಗಂಡ ಸತ್ತಾಗ ಹೆಂಡತಿಯ ಬಳೆ ಒಡೆಯುವ, ಕುಂಕುಮ ಅಳಿಸುವ ಪದ್ಧತಿಗಳನ್ನು ಕೈಬಿಡಲು ನಿರ್ಣಯ ಮಾಡಿತು. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ವಿಧವೆಯರ ಸಂಖ್ಯೆ 4 ಕೋಟಿಗೂ ಹೆಚ್ಚು. ಅವರಲ್ಲಿ ಮಕ್ಕಳ ಮದುವೆ ಮಾಡಿದವರು, ಮಾಡಬೇಕಾದವರು ಎಷ್ಟೋ ಮಂದಿ. ದೇವಸ್ಥಾನದ ಗರ್ಭಗುಡಿಯಲ್ಲಿ ಸಾಧ್ಯವಾದದ್ದು ಐದು ನಿಮಿಷದ ವಿಡಿಯೊದಲ್ಲಿ ಸಾಧ್ಯವಾಗುವುದಿಲ್ಲವೆಂದರೆ ವಿಚಿತ್ರವಲ್ಲವೇ?

ಸ್ಟುಡಿಯೊದ ಹುಡುಗರನ್ನು ದೂರಿ ಪ್ರಯೋಜನವಿಲ್ಲ. ಬೆಳಿಗ್ಗೆ ಐದಕ್ಕೆ ಬಂದು ರಾತ್ರಿ ಹನ್ನೊಂದಕ್ಕೆ ಹೋಗುವ ಅವರು ಕೇಳುವುದು ಒಂದೇ ಪ್ರಶ್ನೆ: 'ಧಾರೆ ಯಾರು ಎರೆಯುತ್ತಾರೆ ಸಾರ್?' ಅವರಿಗೆ ಮನೆಯವರು ತೋರಿಸಿದವರೇ ಮನೆಯವರು. ಛತ್ರದ ಬಾಡಿಗೆ, ಹೂವಿನ ಅಲಂಕಾರ, ಊಟದ ಪಟ್ಟಿಯ ಬಗ್ಗೆ ವಾರಗಟ್ಟಲೆ ಚರ್ಚಿಸುವ ನಾವು, ವಿಡಿಯೊದವರಿಗೆ ಯಾರ ಯಾರ ಮುಖ ಬೇಕೆಂದು ಹತ್ತು ನಿಮಿಷ ಹೇಳುವುದಿಲ್ಲ. ಮಾದರಿ ವಿಡಿಯೊ ನೋಡಿ, 'ಇದೇ ಥರ ಇರಲಿ' ಎಂದು ಮುಂಗಡ ಕೊಟ್ಟು ಬರುತ್ತೇವೆ. ಬೇರೆ ಯಾರದೋ ಮದುವೆಯ ಥರ ನಮ್ಮ ಮದುವೆ ಇರಲಿ ಎಂದು ಹಣ ಕೊಟ್ಟು ಕೇಳಿಕೊಂಡ ಹಾಗೆ.

ಇನ್ನೊಂದು ವ್ಯಾವಹಾರಿಕ ಸಂಗತಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮಿನ ಪ್ರಕಾರ, ಹಣ ಕೊಟ್ಟು ತೆಗೆಸಿದ ಛಾಯಾಚಿತ್ರ ಅಥವಾ ಚಲನಚಿತ್ರದ ಮೊದಲ ಹಕ್ಕುದಾರರು, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವರೇ. ಆದರೆ ಕತ್ತರಿಸದ ಮೂಲ ಕಡತಗಳು ಕೈಗೆ ಬರಬೇಕಾದರೆ ಅದನ್ನು ಮಾತಿನ ಕಾಲದಲ್ಲಿಯೇ ಬರೆಸಿಕೊಳ್ಳಬೇಕು. ನಮ್ಮ ಹುಡುಗಿ ಆ ಹದಿನಾಲ್ಕು ಗಂಟೆಗಳಿಗಾಗಿ ಬೇರೆಯಾಗಿ ಹಣ ತೆತ್ತಳು. ಇನ್ನು ಕೆಲವು ತಿಂಗಳು ತಡವಾಗಿದ್ದರೆ ಸ್ಟುಡಿಯೊದವರು ಜಾಗ ಸಾಲದೆ ಅಳಿಸಿಬಿಡುತ್ತಿದ್ದರಂತೆ. ಹಾಗೆಯೇ, ಮೂಲವನ್ನು ಒಂದೇ ಡಿಸ್ಕಿನಲ್ಲಿ ಇಡುವುದು ಎಲ್ಲಿಯೂ ಇಡದಿರುವುದಕ್ಕಿಂತ ಸ್ವಲ್ಪವೇ ವಾಸಿ. ಎರಡು ಡಿಸ್ಕುಗಳು, ಎರಡು ಮನೆಗಳಲ್ಲಿ ಇರಬೇಕು. ಹಳೆಯ ಕ್ಯಾಸೆಟ್ಟುಗಳಿದ್ದವರೂ ಬೇಗ ಎಚ್ಚೆತ್ತುಕೊಳ್ಳಬೇಕು. ಅವುಗಳನ್ನು ಓಡಿಸುವ ಯಂತ್ರಗಳನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರಲ್ಲೇ ಕೈಚೆಲ್ಲಿತು. ಬೀರುವಿನ ತಳದಲ್ಲಿ ಬೂಷ್ಟು ಹಿಡಿಯುತ್ತಿರುವ ಕ್ಯಾಸೆಟ್ಟಿನಲ್ಲಿ ಎಷ್ಟು ಮಂದಿ ಅತ್ತೆಯರು ಬಾಗಿಲಿನಾಚೆ ಹೂ ಕಟ್ಟುತ್ತಿದ್ದಾರೋ.

ಬೀಗರ ಮನೆಯಲ್ಲಿ ವಿಡಿಯೊ ನೋಡಿಯಾಯಿತು. ಅಳಿಯನ ತಾಯಿ ಧಾರೆಯ ಭಾಗ ಬಂದಾಗ ದನಿ ಯಾರದೆಂದು ಕೇಳಿದರಂತೆ. ಹೇಳಿದ ಮೇಲೆ, "ನಿಮ್ಮಮ್ಮ ಹೇಳಿದ್ದು ಸರಿ, ಆದರೂ ಸೀರೆ ನೆನೆದೇ ನೆನೆಯಿತು" ಎಂದರಂತೆ. ತಂಗಿಯ ಕಿರಿಯ ಮಗಳಿಗೂ ಈಗ ಗಂಡು ಗೊತ್ತಾಗುವ ಹಂತದಲ್ಲಿದೆ. ತನಗೆ ಅಮ್ಮನೇ ಧಾರೆ ಎರೆಯಬೇಕೆಂದು ಅವಳು ಪಟ್ಟು ಹಿಡಿದಿದ್ದಾಳೆ. ತಂಗಿ ಇನ್ನೂ ಹೂಂ ಎಂದಿಲ್ಲ.